ನಮ್ಮ ಮನೆಯ ನಾಲ್ಕು ನೆಲ

ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಒಂದು ಚರಿತ್ರೆ ಬರೆದುಕೊಡಿ ಅಂದಾಗ ನನಗೆ ನಗು ಬಂತು. ನಾನು ಓದಿರೋದು ಏಳನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಇಪ್ಪತ್ತು ದಾಟಿದ ಮೇಲೆ, ಕೊಳ್ಳೇಗಾಲದ ಕಡೆ ಆಲೆಮನೆ ಕೆಲಸಕ್ಕೆ ಹೋಗಿದ್ದಾಗ. ರಾಜರ ಕಥೆ ನನಗೆ ಹಾಡಿನಲ್ಲಿ ಗೊತ್ತೇ ಹೊರತು ಇಸವಿಯಲ್ಲಿ ಗೊತ್ತಿಲ್ಲ. ಆದರೆ ನಮ್ಮ ಮನೆಯ ನೆಲದ ಕಥೆ ಚೆನ್ನಾಗಿ ಗೊತ್ತು. ಹೋದ ವರ್ಷ ಆ ನೆಲದ ವಿಷಯಕ್ಕೆ ಮನೆಯಲ್ಲಿ ಒಂದು ಜಗಳ ನಡೀತು. ಜಗಳದಲ್ಲಿ ನಾನು ಸೋತೆ. ಸೋತದ್ದು ಒಳ್ಳೇದೇ ಆಯಿತು. ಅದನ್ನೇ ಬರೆದಿದ್ದೀನಿ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ಕಂಬಂ ಕಣಿವೆಯಲ್ಲಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಹಿರಿಯರು ಕನ್ನಡ ಸೀಮೆಯಿಂದ ದನ ಹೊಡಕೊಂಡು ಬಂದರು ಅನ್ನೋದು ನಮ್ಮವರ ಹೇಳಿಕೆ. ಕಂಬಂನಲ್ಲಿರುವ ನಂದಗೋಪಾಲ ತಂಬಿರಾನ್ ದೊಡ್ಡಿಯ ದನಗಳಿಗೆ ಇವತ್ತಿಗೂ ನಾವು ಕೈ ಮುಗೀತೀವಿ. ಮಾಟ್ಟುಪೊಂಗಲ್ ದಿನ ಅಲ್ಲಿಗೆ ಹೋಗದ ಮನೆ ನಮ್ಮಲ್ಲಿ ಕಡಿಮೆ. ದನ ಇದ್ದ ಕಡೆ ಸಗಣಿಗೇನು ಬರ? ಹಾಗಾಗಿ ನಮ್ಮ ಮನೆಗಳ ಮೊದಲ ನೆಲ ಸಗಣಿ ನೆಲ.

ನಮ್ಮ ಮನೆ ಕಟ್ಟಿದ್ದು ತಾತ. ಅದಕ್ಕೆ ಮೊದಲು ಇದ್ದದ್ದು ಗುಡಿಸಲು. ತಾತನಿಗೆ ಇಟ್ಟಿಗೆ ಗೋಡೆ ಕಟ್ಟೋ ಶಕ್ತಿ ಬಂದದ್ದು ನೀರಿನಿಂದ. ಪಡುವಲಕ್ಕೆ ಹರಿದು ಸಮುದ್ರ ಸೇರ್ತಿದ್ದ ಪೆರಿಯಾರ್ ನೀರನ್ನ ಅಣೆ ಕಟ್ಟಿ ನಿಲ್ಲಿಸಿ, ಬೆಟ್ಟ ಕೊರೆದು ನಮ್ಮ ಕಡೆ ತಿರುಗಿಸಿದ್ದು 1895ರಲ್ಲಿ. ಆ ಕೆಲಸ ಮಾಡಿಸಿದ ಪೆನ್ನಿಕ್ವಿಕ್ ದೊರೆಯ ಫೋಟೊ ದೇವರ ಪಟದ ಪಕ್ಕದಲ್ಲೇ ಇಟ್ಟಿರೋ ಮನೆಗಳು ನಮ್ಮ ಕಣಿವೆಯಲ್ಲಿ ಎಷ್ಟೋ ಇವೆ. ನಮ್ಮ ಮನೇಲೂ ಇದೆ. ನೀರು ಬಂತು, ಎರಡು ಬೆಳೆ ಬಂತು. 1928ರಲ್ಲಿ ಮದುರೆಯಿಂದ ಬೋಡಿಗೆ ರೈಲು ಬಂತು. ಅದಾಗಿ ಕೆಲವು ವರ್ಷಕ್ಕೆ ನಮ್ಮ ಮನೆ ಎದ್ದಿತು. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ನಾಡಹೆಂಚು. ನೆಲ ಮಾತ್ರ ಮಣ್ಣು ಬಡಿದು ಸಗಣಿ ಸಾರಿಸಿದ್ದು.

ಸಗಣಿ ನೆಲದ ಬಗ್ಗೆ ಗಂಡಸರು ಬಾಯಿತುಂಬ ಹೊಗಳ್ತಾರೆ. ತಂಪು, ಹುಳ ಬರಲ್ಲ, ಹಿರಿಯರು ಮಾಡಿದ್ದು ಅಂತಾರೆ. ನಾನೂ ಹಾಗೆ ಹಾಡಿದವನೇ. ಆದರೆ ಅದನ್ನ ಸಾರಿಸ್ತಿದ್ದವಳು ನಮ್ಮವ್ವ. ವಾರಕ್ಕೆ ಎರಡು ಸಲ, ಹಬ್ಬಕ್ಕೆ ಬೇರೆ. ಮಂಡಿಯೂರಿ ಹಿಂದಕ್ಕೆ ಸರೀತಾ ಸರೀತಾ ಕೈಯಿಂದ ಬಳೀಬೇಕು. ಮಳೆಗಾಲದಲ್ಲಿ ಒಣಗೋದೇ ಇಲ್ಲ, ಬೇಸಿಗೇಲಿ ಬಿರುಕು ಬಿಡುತ್ತೆ. ಬಿರುಕಿಗೆ ಮಣ್ಣು ತುಂಬಿ ಬಡಿಯೋದೂ ಅವಳೇ. ಇಲಿ ತೋಡಿದ ಬಿಲ ಮುಚ್ಚೋದೂ ಅವಳೇ. ಅವ್ವನ ಮಂಡಿ ಚರ್ಮ ಎತ್ತಿನ ಹೆಗಲಿನ ಹಾಗೆ ಗಟ್ಟಿಯಾಗಿತ್ತು.

ನೆಲ ಅಂದರೆ ಕೆಲಸದ ಜಾಗ, ಇದು ನಮ್ಮ ಮನೆಯ ಮಾತು ಮಾತ್ರ ಅಲ್ಲ. ಹಾಡೋಕೆ ಅಂತ ಬೋಡಿ ಕಡೆ, ದಿಂಡಿಗಲ್ ಕಡೆ ಹೋದಾಗ ನೇಯೋರ ಮನೆಯಲ್ಲಿ ಉಳ್ಕೊಂಡಿದ್ದೀನಿ. ಅವರಲ್ಲಿ ಕನ್ನಡ ಮಾತಾಡೋ ದೇವಾಂಗರೂ ಇದ್ದಾರೆ. ಗುಂಡಿಮಗ್ಗ ಇರೋ ಮನೇಲಿ ನೆಲದಲ್ಲೇ ಗುಂಡಿ ತೋಡಿರ್ತಾರೆ. ನೇಯೋನು ಗುಂಡಿ ಅಂಚಿಗೆ ಕೂತು ಕಾಲು ಇಳಿಬಿಟ್ಟು ತುಳೀತಾನೆ. ಆ ಕೋಣೆಗೆ ಕಲ್ಲು ಹಾಸೋ ಯೋಚನೆ ಬರೋದು ಮಗ್ಗ ಎತ್ತಿದ ಮೇಲೇನೇ. ಹೊಸ ನೆಲ ಕಂಡು ನೆಂಟರು ಚೆನ್ನಾಗಿದೆ ಅಂದರೂ, ಮಗ್ಗ ನಿಂತ ಮನೆ ಅಂತ ಅವರಿಗೆ ಮಾತ್ರ ಗೊತ್ತಿರುತ್ತೆ.

ನಮ್ಮ ಮನೇಲಿ ಈಗ ಉಳಿದಿರೋ ನೆಲಗಳಲ್ಲಿ ಮೊದಲನೇದು ನಡುಮನೆಯ ಕೆಂಪು ನೆಲ. ಅಕ್ಕನ ಮದುವೆಗೆ ಅಂತ ಮಾಡಿಸಿದ್ದು, ಸುಮಾರು 1970ರಲ್ಲಿ. ಆಗ ಸಿಮೆಂಟು ಸರಕಾರದ ಹಿಡಿತದಲ್ಲಿತ್ತು. ಪರ್ಮಿಟ್ ಇಲ್ಲದೆ ಮೂಟೆ ಸಿಗ್ತಿರಲಿಲ್ಲ. ಅಪ್ಪ ಎರಡು ತಿಂಗಳು ಓಡಾಡಿ ತಂದ ಸಿಮೆಂಟು ಒಂದು ಕೋಣೆಗೆ ಸಾಲುವಷ್ಟೇ. ಅದಕ್ಕೇ ನಡುಮನೆ ಕೆಂಪಾಯಿತು, ಮಿಕ್ಕದ್ದು ಸಗಣಿಯಲ್ಲೇ ಉಳೀತು. ನಮ್ಮ ಮನೆ ನೆಲ ಒಂದಕ್ಕೊಂದು ಹೊಂದದೆ ಹೋದದ್ದು ಅವತ್ತಿನಿಂದ. ರುಚಿ ಇಲ್ಲದೆ ಅಲ್ಲ, ಸಿಮೆಂಟು ಇಲ್ಲದೆ.

ಕೆಂಪು ನೆಲ ಹಾಕೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಕೆಳಗೆ ಜಲ್ಲಿ ಹಾಕಿ ಬಡಿದು, ಅದರ ಮೇಲೆ ಮರಳು ಸಿಮೆಂಟು ಗಾರೆ ಎಳೆದರು. ಅದು ಹಸಿಯಾಗಿರುವಾಗಲೇ ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಕಲಸಿ ತೆಳುವಾಗಿ ಬಳಿದರು. ಆ ಪುಡಿ ಬೇರೇನಲ್ಲ, ಕಬ್ಬಿಣದ ತುಕ್ಕಿನ ಜಾತಿಯದೇ. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಕರಣೆಯಿಂದ ತಿಕ್ಕಿದ, ತಿಕ್ಕಿದ, ಮುಖ ಕಾಣೋವರೆಗೂ ತಿಕ್ಕಿದ. ಒಂದು ಕೋಣೆ ಒಂದೇ ದಿನ ಮುಗೀಬೇಕು, ನಾಳೆಗೆ ಬಿಟ್ಟರೆ ಬಣ್ಣ ಬೇರೆಯಾಗುತ್ತೆ. ಆಮೇಲೆ ಸುತ್ತ ಕಟ್ಟೆ ಕಟ್ಟಿ ಒಂದು ವಾರ ನೀರು ನಿಲ್ಲಿಸಿದರು. ಕೊನೆಗೆ ಕೊಬ್ಬರಿ ಎಣ್ಣೆ ಒರೆಸಿದರು. ಅಕ್ಕನ ಮದುವೆಯ ಸೋಬಾನೆ ಪದ ಹೇಳಿದ್ದು ಆ ನೆಲದ ಮೇಲೆ ಕೂತು.

ಎರಡನೇದು ಅಡುಗೆಮನೆಯ ಕಡಪ ಕಲ್ಲು. ನನ್ನ ಮದುವೆ ಆದ ಮೇಲೆ ನಮ್ಮ ಮನೆಯವಳು ಕೇಳಿ ಹಾಕಿಸಿದ್ದು. ರುಬ್ಬೋ ಕಲ್ಲಿನ ನೀರು ಬಿದ್ದು ಬಿದ್ದು ಸಗಣಿ ನೆಲ ಕೆಸರಾಗೋದು. ಆಂಧ್ರದ ಕಡಪದಿಂದ ಬರೋ ಆ ಕರಿ ಕಲ್ಲಿಗೆ ನೀರಿನ ಭಯ ಇಲ್ಲ, ಮೇಲೆ ಕುಟ್ಟಿದರೂ ತಡೆಯುತ್ತೆ.

ಮೂರನೇದು ಪಡಸಾಲೆಯ ಮೊಸಾಯಿಕ್. ಇದು ನನ್ನ ಆಸೆ. ಸಿಮೆಂಟಿನ ಹಿಡಿತ 1982ರಲ್ಲಿ ಅರ್ಧ ಸಡಿಲಿತು, 1989ರಲ್ಲಿ ಪೂರ್ತಿ ಹೋಯಿತು. ಆ ಹೊತ್ತಿಗೆ ನನ್ನ ದ್ರಾಕ್ಷಿ ತೋಟ ಕೈ ಹಿಡಿದಿತ್ತು. ಬಿಳಿ ಹಳದಿ ಅಮೃತಶಿಲೆ ಚೂರು ಸಿಮೆಂಟಿಗೆ ಕಲಸಿ ಹಾಸಿ, ಮಿಷನ್ನಿನಲ್ಲಿ ಉಜ್ಜಿಸಿದೆ. ಉಜ್ಜಿದ ಗಸಿ ನೀರು ಮೂರು ದಿನ ಮನೆ ತುಂಬ ಹರೀತು. ಅದನ್ನ ಬಳಿದು ಹಾಕಿದವರು ಯಾರು ಅಂತ ಹೇಳಬೇಕಾಗಿಲ್ಲ. ಪಡಸಾಲೆಗೆ ಬರೋದು ಹೊರಗಿನವರು. ಮನೆ ಹೆಂಗಸರು ಯಾರೂ ಆ ನೆಲ ಕೇಳಿರಲಿಲ್ಲ.

ನಾಲ್ಕನೇದು ಮಗನ ಮದುವೆಗೆ ಪಕ್ಕದ ಕೋಣೆಗೆ ಹಾಕಿಸಿದ ಟೈಲ್ಸು. ಹಳೇ ನೆಲ ಒಡೆಯೋ ಕೂಲಿ ಉಳಿಸೋಣ ಅಂತ ಇದ್ದ ನೆಲದ ಮೇಲೇ ಕೂರಿಸಿದೆವು. ಕೋಣೆ ನೆಲ ನಡುಮನೆಗಿಂತ ಎರಡು ಅಂಗುಲ ಎದ್ದಿತು. ಬಾಗಿಲು ತಡೀತು ಅಂತ ಅಡಿ ಕೊಯ್ಸಿದೆವು. ಹೊಸ್ತಿಲು ಮುಳುಗಿದ ಹಾಗಾಯಿತು. ಟೈಲ್ಸು ಮಾತ್ರ ಕನ್ನಡಿ ಇದ್ದ ಹಾಗಿತ್ತು.

ಗೋಡೆಯ ಬಣ್ಣದ್ದೂ ಇದೇ ಕಥೆ. ನಡುಮನೆ ಮಾತ್ರ ನೀಲಿ ಸುಣ್ಣ. ದ್ರಾಕ್ಷಿ ಬಳ್ಳಿಗೆ ರೋಗ ಬರದ ಹಾಗೆ ಸುಣ್ಣ, ಮೈಲುತುತ್ತ ಕಲಸಿ ಹೊಡೀತೀವಲ್ಲ, ಫ್ರಾನ್ಸಿನಲ್ಲಿ ಮಿಲಾರ್ದೆ ಅನ್ನೋರು 1885ರಲ್ಲಿ ಲೋಕಕ್ಕೆ ತಿಳಿಸಿದ ಔಷಧಿ ಅದು. ತೋಟದಲ್ಲಿ ಮಿಕ್ಕಿದ ಮೈಲುತುತ್ತ ಚಿಟಿಕೆ ಮನೆ ಸುಣ್ಣಕ್ಕೂ ಬೀಳೋದು. ಪಡಸಾಲೆಗೆ ಹಸಿರು ಡಿಸ್ಟೆಂಪರ್, ಮಗನ ಕೋಣೆಗೆ ಗುಲಾಬಿ ಪೇಂಟು. ಗುಲಾಬಿ ಗೋಡೆ ಎರಡೇ ಮಳೆಗೆ ಹಪ್ಪಳ ಎದ್ದಿತು. ಮೇಸ್ತ್ರಿ ಹೇಳಿದ ಕಾರಣ ಇದು: ಹಳೇ ಸುಣ್ಣದ ಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತೆ. ಮೇಲೆ ಪ್ಲಾಸ್ಟಿಕ್ ಪೇಂಟು ಬಳಿದರೆ ತೇವಕ್ಕೆ ದಾರಿ ಇಲ್ಲ, ಪೇಂಟನ್ನೇ ತಳ್ಳಿಕೊಂಡು ಹೊರಗೆ ಬರುತ್ತೆ.

ಹೋದ ವರ್ಷ ಆಡಿ ತಿಂಗಳಲ್ಲಿ ನಮ್ಮ ಮನೆಯವಳು ಆ ಕೋಣೆಯಿಂದ ಇಳಿಯುವಾಗ ಜಾರಿ ಬಿದ್ದಳು. ಸೊಂಟದ ಮೂಳೆ ಬಿಟ್ಟಿತು. ಮದುರೆಯಲ್ಲಿ ಆಪರೇಷನ್ ಆಯಿತು. ವಾಪಸ್ ಬಂದ ಮೇಲೆ ಸೊಸೆ ಹೇಳಿದಳು, ‘ಮಾವ, ಮನೆ ನೆಲ ಎಲ್ಲ ಒಂದೇ ಸಮ ಮಾಡಿಸಬೇಕು. ಎಲ್ಲ ಕಿತ್ತು ಒಂದೇ ಟೈಲ್ಸ್ ಹಾಕಿಸೋಣ.’

ನನಗೆ ಸಿಟ್ಟು ಬಂತು. ‘ಅದು ನಮ್ಮವ್ವನ ನೆಲ. ಟೈಲ್ಸ್ ಹಾಕಿದರೆ ತಂಪು ಹೋಗುತ್ತೆ. ಹಿರಿಯರು ತುಳಿದ ನೆಲ ಒಡೀಬಾರದು ತಾಯಿ’ ಅಂದೆ.

ಅವಳು ಜೋರು ಮಾಡಲಿಲ್ಲ. ‘ದಿನಾ ಒರೆಸೋದು ನಾನು ಮಾವ. ಅತ್ತೆಯನ್ನ ಕೈ ಹಿಡಿದು ನಡೆಸೋದೂ ನಾನೇ’ ಅಂದಳು. ಒಂದು ವಾರ ಮನೇಲಿ ಮಾತಿಲ್ಲ. ಮಗ ನಡುವೆ ಬಂದು, ಕಾರೈಕುಡಿ ಪಕ್ಕದ ಆತ್ತಂಗುಡಿ ಹೂವಿನ ಹಾಸು ತರೋಣ, ಹಳೇ ಮನೆಗೆ ಒಪ್ಪುತ್ತೆ ಅಂದ. ಗಾಜಿನ ಮೇಲೆ ಬಣ್ಣದ ಸಿಮೆಂಟು ಹುಯ್ದು ಕೈಯಲ್ಲೇ ಮಾಡೋ ಹಾಸು ಅದು, ಚೆಟ್ಟಿಯಾರರ ದೊಡ್ಡ ಮನೆಗಳಲ್ಲಿ ಅದರದೇ ಸೊಗಸು. ‘ಚೆಂದ ಇರುತ್ತೆ, ಆದರೆ ಮೆಟ್ಟಿಲು ಹೋಗುತ್ತಾ?’ ಅಂತ ಸೊಸೆ ಕೇಳಿದಳು. ಮಗ ಸುಮ್ಮನಾದ.

ಆಗ ಅಕ್ಕ ರೋಗಿ ನೋಡೋಕೆ ಬಂದಳು. ಅವಳಿಗೆ ಈಗ ಎಪ್ಪತ್ತು ದಾಟಿದೆ. ನನ್ನ ಮಾತೆಲ್ಲ ಕೇಳಿ ನಕ್ಕಳು. ‘ಲೋ, ಇದೇ ಮಾತು ತಾತ ಅವ್ವನಿಗೆ ಹೇಳಿದ್ದ. ಸಿಮೆಂಟು ಹಾಕಿದರೆ ತಂಪು ಹೋಗುತ್ತೆ, ಹಿರಿಯರ ನೆಲ ಅಂತ. ಅವ್ವ ಎರಡು ದಿನ ಊಟ ಬಿಟ್ಟು ಮೂಲೆ ಹಿಡಿದಿದ್ದಳು. ಆಮೇಲೆ ತಾನೆ ಅಪ್ಪ ಪರ್ಮಿಟ್ಟಿಗೆ ಓಡಾಡಿದ್ದು? ನಿನಗೆ ಮದುವೆಗೆ ಮಾಡಿಸಿದ್ದು ಅಂತ ಮಾತ್ರ ಗೊತ್ತು’ ಅಂದಳು.

ಐವತ್ತು ವರ್ಷ ನಾನು ಆ ನೆಲದ ಮೇಲೆ ಕೂತು ಹಾಡಿದ್ದೀನಿ, ಈ ವಿಷಯ ನನಗೆ ಗೊತ್ತಿರಲಿಲ್ಲ. ಹಿರಿಯರ ನೆಲ ಅಂತ ನಾನು ಕಾಯ್ತಿದ್ದದ್ದು ಹಿರಿಯರನ್ನ ಎದುರು ಹಾಕ್ಕೊಂಡು ಅವ್ವ ಗೆದ್ದ ನೆಲ.

ಮಾರನೇ ದಿನ ಸೊಸೆಯನ್ನೇ ಮೇಸ್ತ್ರಿ ಜೊತೆ ಕೂರಿಸಿ, ನೀನು ಹೇಳಿದಂಗೆ ಆಗಲಿ ತಾಯಿ ಅಂದೆ. ಎಲ್ಲ ಕೀಳಿಸ್ತಾಳೆ ಅಂತಲೇ ಅಂದುಕೊಂಡಿದ್ದೆ. ಅವಳು ಕೋಣೆಯ ಟೈಲ್ಸು, ಅದರ ಅಡಿಯ ಗಾರೆ ಮಾತ್ರ ಕೀಳಿಸಿ, ನೆಲ ಇಳಿಸಿ ನಡುಮನೆಗೆ ಸಮ ಮಾಡಿಸಿದಳು. ಜಾರದ ಒರಟು ಟೈಲ್ಸು ಹಾಕಿಸಿದಳು. ಅಡುಗೆಮನೆಗೆ ಒಂದು ಅಂಗುಲ ಏರು ಇತ್ತು, ಅಲ್ಲಿ ಮೆಟ್ಟಿಲು ತೆಗೆಸಿ ಇಳಿಜಾರು ಮಾಡಿಸಿದಳು. ಕೆಂಪು ನೆಲ ಮುಟ್ಟಲಿಲ್ಲ. ‘ಸೊಪ್ಪು ಬಿಡಿಸೋಕೆ ಮಧ್ಯಾಹ್ನ ಅಲ್ಲೇ ತಂಪು ಮಾವ’ ಅಂದಳು.

ಕೆಂಪು ನೆಲದಲ್ಲಿ ಒಂದು ಉದ್ದ ಬಿರುಕಿತ್ತು. ಅದೇ ಕೆಂಪು ಕಲಸಿ ಮುಚ್ಚಿ ಅಂದೆ. ಐವತ್ತು ವರ್ಷ ಎಣ್ಣೆ ಕುಡಿದ ಕೆಂಪಿಗೆ ಹೊಸ ಕೆಂಪು ಯಾವತ್ತೂ ಹೊಂದಲ್ಲ, ತೇಪೆ ಎದ್ದು ಕಾಣುತ್ತೆ ಅಂದ ಮೇಸ್ತ್ರಿ. ಬಿರುಕನ್ನ ಅಗಲ ಮಾಡಿ ಕರಿ ಸಿಮೆಂಟು ತುಂಬಿದ. ಅದಕ್ಕೆ ಜೋಡಿಯಾಗಿ ಗೋಡೆ ಸುತ್ತ ನಾಲ್ಕು ಅಂಗುಲದ ಕರಿ ಪಟ್ಟಿ ಎಳೆದ. ಅದೇ ಪಟ್ಟಿ ಪಡಸಾಲೆಗೂ ಕೋಣೆಗೂ ಹೋಯಿತು. ಹಪ್ಪಳ ಎದ್ದ ಪೇಂಟು ಕೆರೆದು, ಡಿಸ್ಟೆಂಪರನ್ನೂ ಕೆರೆದು, ಎಲ್ಲ ಗೋಡೆಗೂ ಸುಣ್ಣ ಬಳಿಸಿದೆವು, ತಿಳಿ ನೀಲಿ. ನೆಲ ನಾಲ್ಕು ಥರ ಇದ್ದರೂ ಗೋಡೆ, ಪಟ್ಟಿ ಒಂದೇ ಆದ ಮೇಲೆ ಈಗ ಒಂದೇ ಮನೆ ಅನ್ನಿಸುತ್ತೆ.

ಹಳೇ ಮನೆ ಸರಿ ಮಾಡಿಸೋರಿಗೆ ನಾನು ಹೇಳೋದು ಇಷ್ಟೇ. ಬಣ್ಣ ಹೊಂದದಿದ್ದರೆ ಯಾರೂ ಬೀಳಲ್ಲ, ಮಟ್ಟ ಹೊಂದದಿದ್ದರೆ ಬೀಳ್ತಾರೆ. ಮೊದಲು ಮಟ್ಟ ನೋಡಿ. ಸುಣ್ಣದ ಗೋಡೆಗೆ ಸುಣ್ಣವನ್ನೇ ಬಳಿಸಿ. ಏನು ಇರಲಿ, ಏನು ಹೋಗಲಿ ಅನ್ನೋ ಮಾತನ್ನ ಆ ನೆಲ ಗುಡಿಸಿ ಒರೆಸೋರನ್ನ ಕೇಳಿ. ನಾನು ಅವ್ವನನ್ನ ಕೇಳಲಿಲ್ಲ. ಕೇಳಿದ್ದಿದ್ದರೆ ಈ ಕಥೆ ಅವಳ ಬಾಯಲ್ಲೇ ಸಿಕ್ಕಿರೋದು.

ನಮ್ಮ ಮನೆಯವಳು ಈಗ ಕೋಲು ಹಿಡಿದು ಕೋಣೆಯಿಂದ ನಡುಮನೆಗೆ, ಅಲ್ಲಿಂದ ಅಡುಗೆಮನೆಗೆ ಒಬ್ಬಳೇ ಓಡಾಡ್ತಾಳೆ.