ಟ್ರಯಥ್ಲಾನ್ ರಿಲೇ ಸ್ಪರ್ಧೆ ಮತ್ತು ಬೇಸಿಗೆಯ ತಾಲೀಮು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಕ್ರೀಡಾಸಕ್ತರಿಗೆ ಮಾಹಿತಿ

ಈಜು, ಸೈಕಲ್ ಸವಾರಿ ಮತ್ತು ಓಟ ಈ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದರ ನಂತರ ಒಂದರಂತೆ ಪೂರೈಸುವ ಸ್ಪರ್ಧೆಯನ್ನು ಟ್ರಯಥ್ಲಾನ್ ಎಂದು ಕರೆಯಲಾಗುತ್ತದೆ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಈ ಹೆಸರಿನಿಂದ ಆರಂಭಗೊಂಡ ಸ್ಪರ್ಧೆಯು 2000ರ ಸಿಡ್ನಿ ಒಲಿಂಪಿಕ್ ಕ್ರೀಡಾಕೂಟದಲ್ಲಿ ಸೇರ್ಪಡೆಯಾಯಿತು. ನಮ್ಮ ನೆರೆಯ ಗೋವಾದಲ್ಲಿ 2019ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಐರನ್‌ಮ್ಯಾನ್ 70.3 ಸ್ಪರ್ಧೆ ನಡೆದ ಬಳಿಕ ಕರ್ನಾಟಕದ ಹವ್ಯಾಸಿಗಳಲ್ಲಿಯೂ ಈ ಕ್ರೀಡೆಯ ಬಗ್ಗೆ ಆಸಕ್ತಿ ಹೆಚ್ಚಿದೆ. ಸದರಿ ಸ್ಪರ್ಧೆಯಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಸವಾರಿ ಹಾಗೂ 21.1 ಕಿ.ಮೀ. ಓಟವಿರುತ್ತದೆ.

ರಿಲೇ ವಿಭಾಗದಲ್ಲಿ ಈ ಮೂರು ಹಂತಗಳನ್ನು ಒಂದು ತಂಡದ ಸದಸ್ಯರು ಹಂಚಿಕೊಳ್ಳುತ್ತಾರೆ. ಈಜುಗಾರನು ನೀರಿನಿಂದ ಬಂದು ತನ್ನ ಕಾಲಿಗೆ ಕಟ್ಟಿರುವ ಸಮಯ ಗಣನೆಯ ಚಿಪ್ಪನ್ನು ಸೈಕಲ್ ಸವಾರನಿಗೂ, ಆತನು ಓಟಗಾರನಿಗೂ ಹಸ್ತಾಂತರಿಸುತ್ತಾನೆ. ಒಲಿಂಪಿಕ್ಸ್‌ನ ಮಿಶ್ರ ರಿಲೇ ಇದಕ್ಕಿಂತ ಭಿನ್ನವಾದುದು. 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಮೊದಲಿಗೆ ಅಳವಡಿಸಲಾದ ಆ ಸ್ಪರ್ಧೆಯಲ್ಲಿ ಇಬ್ಬರು ಪುರುಷರು, ಇಬ್ಬರು ಮಹಿಳೆಯರಿದ್ದು, ಪ್ರತಿಯೊಬ್ಬರೂ ಮೂರೂ ಹಂತಗಳನ್ನು ಕಿರಿದಾದ ದೂರಕ್ಕೆ ಪೂರೈಸುತ್ತಾರೆ. ಎರಡನ್ನೂ ಒಂದೇ ಎಂದು ಭಾವಿಸಿ ವಿಚಾರಿಸುವವರು ಅನೇಕರಿರುವುದರಿಂದ ಈ ಸ್ಪಷ್ಟನೆ ನೀಡಲಾಗಿದೆ.

ಗ್ರಾಮೀಣ ಯುವಜನರಿಗೆ ಹಂಚಿಕೆಯ ರಿಲೇ ಹೆಚ್ಚು ಅನುಕೂಲಕರ. ಒಂದು ತಂಡಕ್ಕೆ ಒಳ್ಳೆಯ ಸೈಕಲ್ ಒಂದಿದ್ದರೆ ಸಾಕು. ಈಜು ಬಾರದವರು ಓಡಬಹುದು, ಓಡಲಾಗದವರು ಸೈಕಲ್ ತುಳಿಯಬಹುದು. ಖರ್ಚನ್ನು ಮೂರು ಪಾಲು ಮಾಡಬಹುದೆಂಬುದೂ ಸಣ್ಣ ಸಂಗತಿಯಲ್ಲ.

ಬೇಸಿಗೆಯಲ್ಲಿಯೇ ತಾಲೀಮು ಏಕೆ?

ಗೋವಾ ಸ್ಪರ್ಧೆಯು ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಜರುಗುತ್ತದೆ. ಹೊಸಬರಿಗೆ ಐದಾರು ತಿಂಗಳ ಸಿದ್ಧತೆ ಬೇಕಾಗುವುದರಿಂದ ತಾಲೀಮು ಏಪ್ರಿಲ್-ಮೇ ತಿಂಗಳಲ್ಲಿಯೇ ಆರಂಭವಾಗಬೇಕಾಗುತ್ತದೆ. ಆದರೆ ಬಿಸಿಲಿಗೆ ದೇಹವನ್ನು ಒಗ್ಗಿಸಿಕೊಳ್ಳುವುದು ಮೇ ತಿಂಗಳಿಗೇ ಮುಗಿಯಿತೆಂದು ತಿಳಿಯಬಾರದು. ದೇಹವು ಶಾಖಕ್ಕೆ ಒಗ್ಗಲು 10ರಿಂದ 14 ದಿನಗಳು ಬೇಕು. ಅಭ್ಯಾಸ ತಪ್ಪಿದರೆ ಆ ಗುಣವು ಕೆಲವೇ ವಾರಗಳಲ್ಲಿ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಚ್.ಡಿ.ಕೋಟೆ, ಹುಣಸೂರು ಭಾಗದ ತಂಪಿನಲ್ಲಿ ಓಡಿದವರು ಬೇಸಿಗೆಯಲ್ಲಿ ಗಳಿಸಿದ್ದನ್ನು ಗೋವಾ ತಲುಪುವಷ್ಟರಲ್ಲಿ ಕಳೆದುಕೊಂಡಿರುತ್ತಾರೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ಮುಂದಿನ ವರ್ಷಕ್ಕೆ ಒಯ್ಯಬಹುದಾದ ಶಿಲ್ಕಲ್ಲ. ಆದುದರಿಂದ ಸ್ಪರ್ಧೆಗೆ ಎರಡು ವಾರ ಇರುವಾಗ ಮತ್ತೊಮ್ಮೆ ಬಿಸಿಲಿನ ಅಭ್ಯಾಸ ಮಾಡತಕ್ಕದ್ದು. ಬೇಸಿಗೆಯ ತಾಲೀಮಿನಿಂದ ಉಳಿಯುವ ಲಾಭವೆಂದರೆ ದಮ್ಮು, ಕಾಲಿನ ಶಕ್ತಿ ಹಾಗೂ ತನ್ನ ಬೆವರಿನ ಪ್ರಮಾಣ ಎಷ್ಟೆಂಬ ತಿಳಿವಳಿಕೆ.

ಗೋವಾದ ಉಷ್ಣಾಂಶ ನಮ್ಮ ಏಪ್ರಿಲ್‌ಗಿಂತ ಕಡಿಮೆಯಿದ್ದರೂ ಅಲ್ಲಿ ಓಡುವುದು ಕಷ್ಟ. ದೇಹವನ್ನು ತಂಪುಗೊಳಿಸುವುದು ಆರುವ ಬೆವರೇ ಹೊರತು ತೊಟ್ಟಿಕ್ಕುವ ಬೆವರಲ್ಲ. ಮೈಸೂರು ಸೀಮೆಯ ಒಣ ಬಿಸಿಲಿನಲ್ಲಿ ಬೆವರು ಬೇಗ ಆರುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಆರುವುದಿಲ್ಲ.

ರಿಲೇ ಓಟಗಾರನ ವಿಶೇಷ ಅಪಾಯ

ಮೂರು ಜನ ಹಂಚಿಕೊಂಡರೆ ಅಪಾಯವೂ ಮೂರನೆಯ ಒಂದು ಭಾಗವಾಗುತ್ತದೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ದೇಹದಲ್ಲಿ ಉತ್ಪತ್ತಿಯಾಗುವ ಶಾಖವು ದೂರಕ್ಕಿಂತ ವೇಗವನ್ನು ಹೆಚ್ಚಾಗಿ ಅವಲಂಬಿಸಿದೆ. ಮೂರೂ ಹಂತಗಳನ್ನು ಒಬ್ಬನೇ ಮಾಡುವವನು ದಣಿದು ನಿಧಾನವಾಗಿ ಓಡುತ್ತಾನೆ. ರಿಲೇ ಓಟಗಾರನು ದಣಿವಿಲ್ಲದೆ, ಜೊತೆಗಾರರ ಶ್ರಮ ವ್ಯರ್ಥವಾಗಬಾರದೆಂಬ ಹುರುಪಿನಿಂದ, ತನ್ನ ಶಕ್ತಿ ಮೀರಿ ಓಡುತ್ತಾನೆ. ಮೇಲಾಗಿ ಬೆಳಿಗ್ಗೆ ಸ್ಪರ್ಧೆ ಆರಂಭವಾದರೂ ಈಜು ಮತ್ತು ಸೈಕಲ್ ಹಂತಗಳು ಮುಗಿದು ಆತನ ಸರದಿ ಬರುವಾಗ ಬಿಸಿಲೇರಿರುತ್ತದೆ. ಅಲ್ಲಿಯವರೆಗೆ ಗಂಟೆಗಟ್ಟಲೆ ಕಾಯುವಾಗ ಆತನು ನೆರಳಿನಲ್ಲಿ ಕುಳಿತಿರುವುದು ಹಾಗೂ ಆಗಾಗ ನೀರು ಕುಡಿಯುವುದು ಅವಶ್ಯಕ.

ಆದ್ದರಿಂದ ಓಟಗಾರನು ಮುಂಜಾನೆಯ ತಂಪಿನಲ್ಲಿ ಮಾತ್ರ ತಾಲೀಮು ಮಾಡಿದರೆ ಸಾಲದು. ಮೊದಲ ಮೂರು ನಾಲ್ಕು ದಿನ ಬೆಳಿಗ್ಗೆ 9 ಗಂಟೆಯ ನಂತರ 20 ನಿಮಿಷಗಳ ನಿಧಾನ ಓಟದಿಂದ ಆರಂಭಿಸಿ, ಎರಡು ವಾರಗಳಲ್ಲಿ ಒಂದು ಗಂಟೆಯವರೆಗೆ ಹೆಚ್ಚಿಸಬಹುದು. ವೇಗದ ಓಟವನ್ನು ತಂಪಿನಲ್ಲಿಯೇ ಮಾಡತಕ್ಕದ್ದು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 12ರಿಂದ 4ರವರೆಗೆ ಯಾವುದೇ ತಾಲೀಮು ಬೇಡ. ಜ್ವರ, ಭೇದಿ ಇದ್ದಾಗ ಹಾಗೂ ನಿದ್ರೆಗೆಟ್ಟ ಮರುದಿನವೂ ಬಿಸಿಲಿನ ಅಭ್ಯಾಸವನ್ನು ಕೈಬಿಡತಕ್ಕದ್ದು.

ನಾಲ್ಕು ತಾಲ್ಲೂಕುಗಳ ಸ್ಥಳೀಯ ಪರಿಸ್ಥಿತಿ

ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಹೊರಡಿ ಎಂಬುದು ಎಲ್ಲ ಪುಸ್ತಕಗಳಲ್ಲಿಯೂ ಇರುವ ಸಲಹೆ. ಎಚ್.ಡಿ.ಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣದ ಕಾಡಂಚಿನ ಗ್ರಾಮಗಳಿಗೆ ಈ ಸಲಹೆ ಹೊಂದುವುದಿಲ್ಲ. ನಾಗರಹೊಳೆ ಅರಣ್ಯದಿಂದ ರಾತ್ರಿ ಹೊಲಗಳಿಗೆ ಬಂದ ಆನೆಗಳು ನಸುಕಿನಲ್ಲಿ ಹಿಂದಿರುಗುವ ವೇಳೆ ಅದೇ. ಸದ್ದಿಲ್ಲದೆ ಸಾಗುವ ಸೈಕಲ್ ಸವಾರನು ಆನೆಗೆ ತೀರಾ ಹತ್ತಿರವಾದ ಮೇಲೆಯೇ ಎದುರಾಗುತ್ತಾನೆ. ಇನ್ನು ಸಂಜೆ ಮಾಡೋಣವೆಂದರೆ ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ನಂತರವೇ. ಬಯಲು ರಸ್ತೆಯಲ್ಲಿ ಸವಾರನಿಗೆ ಆಸರೆಯಿಲ್ಲ. ಹೀಗಾಗಿ ಕಾಡಂಚಿನವರಿಗೆ ಪೂರ್ತಿ ಬೆಳಕು ಹರಿದ ನಂತರ, ಅಂದರೆ ಸುಮಾರು 6.15ರಿಂದ 8.30ರವರೆಗಿನ ಅವಧಿಯೇ ಸೂಕ್ತ. ದೂರದ ಸವಾರಿಯನ್ನು ಕಾಡಿನ ಕಡೆಗಲ್ಲದೆ ಮೈಸೂರಿನ ಕಡೆಗೆ ಇಟ್ಟುಕೊಳ್ಳುವುದು ಕ್ಷೇಮ. ಕೆ.ಆರ್.ನಗರದ ನಾಲಾ ಬಯಲಿನಲ್ಲಿ ಈ ತೊಂದರೆ ಕಡಿಮೆ. ರಸ್ತೆಗಳೂ ಬಹುಮಟ್ಟಿಗೆ ಸಮತಟ್ಟು. ಹುಣಸೂರು-ಪಿರಿಯಾಪಟ್ಟಣ ಮಾರ್ಗವು ರಾಷ್ಟ್ರೀಯ ಹೆದ್ದಾರಿ 275 ಆಗಿದ್ದು, ವಾಹನ ದಟ್ಟಣೆಯ ಕಾರಣ ಹೊಸಬರಿಗೆ ತಕ್ಕುದಲ್ಲ.

ಈಜಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥ ನದಿಗಳು ಈ ತಾಲ್ಲೂಕುಗಳಲ್ಲಿಯೇ ಹರಿಯುತ್ತಿದ್ದರೂ ಅವು ತಾಲೀಮಿನ ಸ್ಥಳಗಳಲ್ಲ. ಚುಂಚನಕಟ್ಟೆಯಲ್ಲಿ ಬಂಡೆಗಳ ನಡುವಿನ ಸೆಳೆತ, ಕಬಿನಿ ಹಿನ್ನೀರಿನಲ್ಲಿ ಮೊಸಳೆ, ಕೆರೆಗಳಲ್ಲಿ ಹೂಳು ಮತ್ತು ಜೊಂಡು. ನಾಲೆಗಳು ನೋಡಲು ಶಾಂತವಾಗಿದ್ದರೂ ಕಾಂಕ್ರೀಟ್ ಇಳಿಜಾರಿನ ಪಾಚಿಯಿಂದಾಗಿ ಇಳಿದವರು ಮೇಲೇರಲಾಗದು. ಒಬ್ಬನನ್ನು ಎತ್ತಲು ಹೋಗಿ ಮತ್ತೊಬ್ಬ ಮುಳುಗುವುದು ಇಂತಹ ಕಡೆಯಲ್ಲಿಯೇ. ಮೈಸೂರು ವಿಶ್ವವಿದ್ಯಾನಿಲಯದ ಸರಸ್ವತಿಪುರಂ ಈಜುಕೊಳದಂತಹ, ತರಬೇತುದಾರರು ಮತ್ತು ಜೀವರಕ್ಷಕರಿರುವ ಸ್ಥಳದಲ್ಲಿಯೇ ಅಭ್ಯಾಸ ಮಾಡತಕ್ಕದ್ದು. ಊರಿನಿಂದ ಬಂದು ಹೋಗುವ ಶ್ರಮವಿದೆ ಎಂಬುದು ನಿಜ. ಆದರೆ ರಿಲೇಯಲ್ಲಿ ಈಜುಗಾರ ಒಬ್ಬನೇ ಆಗಿರುವುದರಿಂದ ತಂಡದ ಉಳಿದಿಬ್ಬರು ಬಸ್ ಖರ್ಚನ್ನು ಹಂಚಿಕೊಳ್ಳಬಹುದು. 50 ಮೀಟರ್ ಕೊಳದಲ್ಲಿ 38 ಬಾರಿ ಸಾಗಿದರೆ 1.9 ಕಿ.ಮೀ. ಆಗುತ್ತದೆ.

ಹೊಲದ ದುಡಿಮೆಯೂ ಲೆಕ್ಕಕ್ಕೆ

ಹುಣಸೂರು, ಪಿರಿಯಾಪಟ್ಟಣ ಭಾಗದ ಅನೇಕ ಯುವಕರು ಹೊಗೆಸೊಪ್ಪು ಬೆಳೆಯುವ ಕುಟುಂಬಗಳವರು. ಸಸಿ ನಾಟಿಯ ದಿನಗಳಲ್ಲಿ ಹಗಲೆಲ್ಲ ಬಿಸಿಲಿನಲ್ಲಿ ದುಡಿದವನು ಅದೇ ದಿನ ತಾಲೀಮನ್ನೂ ಮಾಡಿದರೆ ದೇಹಕ್ಕೆ ಎರಡು ಬಾರಿ ಶಾಖದ ಹೊರೆ ಹೊರಿಸಿದಂತಾಗುತ್ತದೆ. ನಾಟಿ ಮಾಡಿದ ದಿನವನ್ನು ತಾಲೀಮಿನ ದಿನವೆಂದೇ ಪರಿಗಣಿಸಿ ವಿಶ್ರಾಂತಿ ಪಡೆಯತಕ್ಕದ್ದು. ಮುಂದೆ ಎಲೆ ಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ಬ್ಯಾರನ್ ಮುಂದೆ ಬೆಂಕಿ ಕಾಯುವವರಿಗೂ ಇದು ಅನ್ವಯಿಸುತ್ತದೆ. ಒದ್ದೆಯಾದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ದೇಹ ಸೇರಿ ವಾಕರಿಕೆ, ತಲೆಸುತ್ತು ಬರುವುದುಂಟು. ಬಿಸಿಲಿನ ಬಳಲಿಕೆಯ ಲಕ್ಷಣಗಳೂ ಇವೇ ಆಗಿರುವುದರಿಂದ, ಯಾವುದೇ ಕಾರಣದಿಂದ ಈ ಲಕ್ಷಣಗಳು ಕಂಡರೂ ಅಂದು ಓಡುವುದು ಬೇಡ.

ನೀರು ಮತ್ತು ಉಪ್ಪು

ತಾಲೀಮಿಗೆ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳುವುದು ಸರಳ ವಿಧಾನ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆಯೆಂದು ಅರ್ಥ. ನಡುವೆ ಕುಡಿದಿದ್ದನ್ನೂ ಅದಕ್ಕೆ ಕೂಡಿಸಿಕೊಳ್ಳಬೇಕು. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿಯಲಾಗಿದೆ. ಉಪ್ಪಿಲ್ಲದ ನೀರನ್ನು ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಪ್ರಾಣಾಪಾಯ ಉಂಟಾಗಬಹುದು. ಉಪ್ಪು ಹಾಕಿದ ನೀರು ಮಜ್ಜಿಗೆ, ರಾಗಿ ಅಂಬಲಿ ಉತ್ತಮ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದು ಸೋಡಿಯಂ ಕಡಿಮೆಯಿರುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಮನೆಯಲ್ಲಿಯೇ ಪಾನೀಯ ತಯಾರಿಸಿಕೊಳ್ಳಬಹುದು. ಅಧಿಕ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ವಿಚಾರಿಸಿದ ನಂತರವೇ ತಾಲೀಮು ಆರಂಭಿಸತಕ್ಕದ್ದು.

ಶಾಖಾಘಾತವಾದಲ್ಲಿ

ಓಡುತ್ತಿರುವವನು ತೂರಾಡಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಕಾರಣವಿಲ್ಲದೆ ರೇಗಿದರೆ ಅಥವಾ ಕುಸಿದರೆ ಶಾಖಾಘಾತವೆಂದು ಭಾವಿಸಿ ತಕ್ಷಣ ಕಾರ್ಯಪ್ರವೃತ್ತರಾಗತಕ್ಕದ್ದು. ದೇಹದ ಒಳ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. ಬೆವರು ನಿಂತಿರಬೇಕೆಂಬ ನಿಯಮವಿಲ್ಲ. ಓಟಗಾರರಲ್ಲಿ ಮೈ ಬೆವರುತ್ತಿರುವಾಗಲೇ ಶಾಖಾಘಾತವಾಗುವುದುಂಟು. ಒಬ್ಬರು 108ಕ್ಕೆ ಕರೆ ಮಾಡುವಾಗಲೇ ಉಳಿದವರು ಬಟ್ಟೆ ಸಡಿಲಿಸಿ ದೇಹವನ್ನು ತಂಪುಗೊಳಿಸಲು ಆರಂಭಿಸಬೇಕು. ಆಂಬುಲೆನ್ಸ್‌ಗಾಗಿ ಸುಮ್ಮನೆ ಕಾಯುತ್ತ ಕೂರುವುದು ದೊಡ್ಡ ತಪ್ಪು. ಮೊದಲ ಅರ್ಧ ಗಂಟೆಯೊಳಗೆ ಉಷ್ಣಾಂಶ ಇಳಿದರೆ ಜೀವ ಉಳಿಯುವ ಸಂಭವ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬೇಕಾದ ಸೌಕರ್ಯ ಕೈಯಳತೆಯಲ್ಲಿಯೇ ಇದೆ: ದನಗಳಿಗೆ ನೀರು ಕುಡಿಸುವ ತೊಟ್ಟಿ, ಪಂಪ್‌ಸೆಟ್ಟಿನ ನೀರು. ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ಒಬ್ಬರು ನೀರಿನ ಮೇಲೆ ಹಿಡಿದಿರಬೇಕು. ತೊಟ್ಟಿ ಇಲ್ಲದಿದ್ದಲ್ಲಿ ಟಾರ್ಪಾಲಿನ ಅಂಚುಗಳನ್ನು ಎತ್ತಿ ಹಿಡಿದು ಒಳಗೆ ನೀರು ತುಂಬಬಹುದು, ಅಥವಾ ಮೈಮೇಲೆ ಎಡೆಬಿಡದೆ ನೀರು ಸುರಿದು ಗಾಳಿ ಬೀಸಬಹುದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಪ್ರಯೋಜನವಿಲ್ಲ. ಚೇತರಿಸಿಕೊಂಡಂತೆ ಕಂಡರೂ ಅಂದೇ ಆಸ್ಪತ್ರೆಗೆ ಒಯ್ಯತಕ್ಕದ್ದು. ವೈದ್ಯರ ಅನುಮತಿ ದೊರೆಯುವವರೆಗೆ ತಂಡದಲ್ಲಿ ಆತನ ಸ್ಥಾನಕ್ಕೆ ಬೇರೊಬ್ಬರನ್ನು ಸೇರಿಸಿಕೊಳ್ಳತಕ್ಕದ್ದು.