ಸಾಯದ ಫ್ಲಮೆಲ್, ರೋಬೋ ಏರಿದ ಸಾಮ್ರಾಜ್ಞಿ

ಪ್ಯಾರಿಸ್‌ನ ಮೊಂಮೊರಾನ್ಸಿ ಬೀದಿಯಲ್ಲಿ 51ನೇ ನಂಬರಿನ ಕಲ್ಲಿನ ಮನೆಯೊಂದಿದೆ. 1407ರಲ್ಲಿ ಅದನ್ನು ಕಟ್ಟಿಸಿದವನು ನಿಕೊಲಾ ಫ್ಲಮೆಲ್. ಹಸ್ತಪ್ರತಿ ನಕಲು ಮಾಡಿ, ಪುಸ್ತಕ ಮಾರಿ ನಾಲ್ಕು ಕಾಸು ಕಂಡವನು. 1418ರಲ್ಲಿ ತೀರಿಕೊಂಡ, ಸಮಾಧಿಗಲ್ಲು ಅದೇ ಊರಿನ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿದೆ. ರಸವಾದಿ ಎಂಬ ಖ್ಯಾತಿ ಅವನಿಗೆ ಅಂಟಿದ್ದು ಸತ್ತು ಬಹುಕಾಲದ ಮೇಲೆ, 1612ರಲ್ಲಿ ಅವನ ಹೆಸರು ಹೊತ್ತ ರಸವಾದದ ಪುಸ್ತಕವೊಂದು ಅಚ್ಚಾದಾಗ. ಆಮೇಲೆ ಕಥೆಗಳಿಗೆ ಬರವಿರಲಿಲ್ಲ. ಗೋರಿ ಅಗೆದವರಿಗೆ ಹೆಣ ಸಿಗಲಿಲ್ಲವಂತೆ, ಗಂಡ ಹೆಂಡತಿ ಇಬ್ಬರೂ ಇನ್ನೂ ಎಲ್ಲೋ ಬದುಕಿದ್ದಾರಂತೆ.

1997ರಲ್ಲಿ ಜೆ.ಕೆ. ರೌಲಿಂಗ್ ಮೊದಲ ಹ್ಯಾರಿ ಪಾಟರ್ ಕಾದಂಬರಿಯಲ್ಲಿ ಈ ಹೆಸರನ್ನು ತಂದರು. ಹತ್ತು ವರ್ಷಗಳ ನಂತರ ಡಬ್ಲಿನ್‌ನ ಮೈಕೆಲ್ ಸ್ಕಾಟ್ ಅವನನ್ನೇ ನಾಯಕನನ್ನಾಗಿಸಿ ‘ದಿ ಆಲ್ಕೆಮಿಸ್ಟ್’ ಬರೆದರು. ಚರಿತ್ರೆಯಲ್ಲಿ ಆಗಿಹೋದವರನ್ನು ಪುರಾಣದ ದೇವರು, ದೈತ್ಯರ ನಡುವೆ ತಂದು ನಿಲ್ಲಿಸುವ ಇಂಥ ಕಾದಂಬರಿಗಳು ಇಂದು ಹದಿಹರೆಯದವರ ಇಂಗ್ಲಿಷ್ ಸಾಹಿತ್ಯದಲ್ಲಿ ಒಂದು ದೊಡ್ಡ ಕವಲು. ಅದರ ಬೇರು ಮಾತ್ರ ನೂರು ವರ್ಷಕ್ಕೂ ಹಳೆಯದು.

1906ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಮಕ್ಕಳ ಪುಸ್ತಕಗಳು ಬಂದವು. ಈಡಿತ್ ನೆಸ್ಬಿಟ್ ಅವರ ‘ದಿ ಸ್ಟೋರಿ ಆಫ್ ದಿ ಅಮ್ಯುಲೆಟ್’ನಲ್ಲಿ ಮಕ್ಕಳು ತಾಯಿತವೊಂದರ ಬಲದಿಂದ ಹಿಂದಿನ ಕಾಲಕ್ಕೆ ಹೋಗಿ ಜೂಲಿಯಸ್ ಸೀಸರನ ಎದುರು ನಿಲ್ಲುತ್ತಾರೆ. ರಡ್ಯರ್ಡ್ ಕಿಪ್ಲಿಂಗ್ ಅವರ ‘ಪಕ್ ಆಫ್ ಪೂಕ್ಸ್ ಹಿಲ್’ನಲ್ಲಿ ಜಾನಪದದ ಕಿನ್ನರ ಪಕ್, ಸಸೆಕ್ಸ್‌ನ ಹುಲ್ಲುಗಾವಲಿನಲ್ಲಿ ಆಡುವ ಅಣ್ಣ ತಂಗಿಯರ ಬಳಿಗೆ ಹಳೆಯ ಕಾಲದವರನ್ನು ಕರೆತರುತ್ತಾನೆ. 1910ರ ಮುಂದಿನ ಭಾಗದಲ್ಲಿ ಒಂದನೇ ಎಲಿಜಬೆತ್, ಜಾರ್ಜ್ ವಾಷಿಂಗ್ಟನ್ ಕೂಡ ಕಥೆಯೊಳಗೆ ಬರುತ್ತಾರೆ. ಈ ಪುಸ್ತಕಗಳಲ್ಲಿ ಮಕ್ಕಳು ಹೆಚ್ಚಾಗಿ ನೋಡುವವರು, ಕೇಳುವವರು. ಆಗಿಹೋದದ್ದನ್ನು ಬದಲಿಸುವ ಹೊಣೆ ಅವರ ಮೇಲಿಲ್ಲ. 1960ರ ನಂತರ ಅಲನ್ ಗಾರ್ನರ್, ಸೂಸನ್ ಕೂಪರ್ ಅವರು ಪುರಾಣವನ್ನು ಇಂದಿನ ಇಂಗ್ಲೆಂಡಿಗೆ ಇಳಿಸಿ ಮಕ್ಕಳ ಕೈಗೆ ಕತ್ತಿ ಕೊಟ್ಟರು.

ದೊಡ್ಡ ಅಲೆ ಎದ್ದದ್ದು ಈ ಶತಮಾನದ ಮೊದಲ ದಶಕದಲ್ಲಿ. 2003ರಲ್ಲಿ ಜೊನಾಥನ್ ಸ್ಟ್ರೌಡ್ ‘ದಿ ಅಮ್ಯುಲೆಟ್ ಆಫ್ ಸಮರ್ಕಂಡ್’ ಬರೆದು, ಮಾಂತ್ರಿಕರೇ ಆಳುವ ಬ್ರಿಟನ್ನನ್ನು ಕಟ್ಟಿದರು. ಅಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಹಿಂದಿನ ಕಾಲದ ಮಹಾಮಾಂತ್ರಿಕ. 2005ರಲ್ಲಿ ಅಮೆರಿಕದಲ್ಲಿ ಶಾಲಾ ಮೇಷ್ಟ್ರಾಗಿದ್ದ ರಿಕ್ ರಿಯೊರ್ಡನ್, ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳುತ್ತಿದ್ದ ಗ್ರೀಕ್ ಕಥೆಗಳನ್ನೇ ಬೆಳೆಸಿ ಮೊದಲ ಪರ್ಸಿ ಜಾಕ್ಸನ್ ಕಾದಂಬರಿ ಹೊರತಂದರು. 2007ರಿಂದ 2012ರವರೆಗೆ ವರ್ಷಕ್ಕೊಂದರಂತೆ ಸ್ಕಾಟ್ ಅವರ ಆರು ಸಂಪುಟಗಳು ಬಂದವು.

ಚರಿತ್ರೆ ಮತ್ತು ಪುರಾಣದ ಬೆರಕೆಯನ್ನು ಅತಿ ದೂರ ಒಯ್ದವರು ಸ್ಕಾಟ್. ಹದಿನೈದು ವರ್ಷದ ಜೋಶ್ ನ್ಯೂಮನ್ ರಜೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪುಸ್ತಕದಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನ ಅವಳಿ ಸೋಫಿ ಎದುರಿನ ಕಾಫಿ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಅಂಗಡಿಗೆ ಗಿರಾಕಿಯಂತೆ ಬಂದವನಿಗೂ ಮಾಲೀಕನಿಗೂ ಜಟಾಪಟಿ ಹತ್ತುತ್ತದೆ. ಒಂದು ಕಡೆಯಿಂದ ಪುದೀನದ ಘಮ, ಇನ್ನೊಂದು ಕಡೆಯಿಂದ ಕೊಳೆತ ಮೊಟ್ಟೆಯ ನಾತ. ಮಾಲೀಕ ಫ್ಲಮೆಲ್; ಬಂದವನು ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಮುಹೂರ್ತ ಇಟ್ಟುಕೊಟ್ಟ ಗಣಿತಜ್ಞ, ಜ್ಯೋತಿಷಿ ಜಾನ್ ಡೀ. ಈ ಸರಣಿಯಲ್ಲಿ ಮಂತ್ರಶಕ್ತಿ ಇರುವ ಒಬ್ಬೊಬ್ಬರಿಗೂ ಒಂದೊಂದು ವಾಸನೆ.

ಚರಿತ್ರೆ, ಪುರಾಣಗಳ ಹತ್ತಾರು ಜನರನ್ನು ಒಂದೇ ಕಥೆಗೆ ಕಟ್ಟಿಹಾಕುವ ಉಪಾಯ ಸರಳ. ಲೋಕದ ಎಲ್ಲ ಪುರಾಣಗಳ ದೇವತೆಗಳೂ ಮನುಷ್ಯರಿಗಿಂತ ಮೊದಲು ಭೂಮಿ ಆಳಿದ ಒಂದೇ ಕುಲದವರು. ತಮಗೆ ಬೇಕಾದ ಮನುಷ್ಯನಿಗೆ ಅವರು ಸಾವಿಲ್ಲದ ವರ ಕೊಡಬಲ್ಲರು, ಬದಲಿಗೆ ಆತ ಅವರ ಊಳಿಗ ಮಾಡಬೇಕು. ಹೀಗೆ ಮೆಕಿಯವೆಲ್ಲಿ, ಶೇಕ್ಸ್‌ಪಿಯರ್, ಜೋನ್ ಆಫ್ ಆರ್ಕ್ ಎಲ್ಲರೂ ಗ್ರೀಕರ ಹೆಕಟೆ, ಈಜಿಪ್ಟಿನ ಬಾಸ್ಟೆಟ್, ಐರಿಷ್ ಮೊರಿಗನ್ ಜೊತೆ ಒಂದೇ ಕಾಳಗದಲ್ಲಿ ಸಿಗುತ್ತಾರೆ.

ಪಾತ್ರಗಳ ಆಯ್ಕೆಯಲ್ಲೂ ಒಂದು ಲೆಕ್ಕಾಚಾರವಿದೆ. ಅಮೆರಿಕದಲ್ಲಿ ಇಂಗ್ಲಿಷ್ ದಂಪತಿಗೆ ಹುಟ್ಟಿದ ಮೊದಲ ಮಗು ವರ್ಜೀನಿಯಾ ಡೇರ್, 1587ರವಳು. ಮೂರು ವರ್ಷ ಬಿಟ್ಟು ಅವಳ ಅಜ್ಜ ಇಂಗ್ಲೆಂಡಿನಿಂದ ಮರಳಿದಾಗ ರೋನೋಕ್ ವಸಾಹತಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜೋನ್‌ಳನ್ನು ಸುಟ್ಟದ್ದು 1431ರಲ್ಲಿ. ಐದು ವರ್ಷಕ್ಕೆ ಒಬ್ಬ ಹೆಂಗಸು ತಾನೇ ಜೋನ್ ಎಂದು ಬಂದಳು, ಜೋನ್‌ಳ ಅಣ್ಣತಮ್ಮಂದಿರೂ ಹೌದೆಂದರು. ಬಿಲ್ಲಿ ದಿ ಕಿಡ್ 1881ರಲ್ಲಿ ಗುಂಡಿಗೆ ಬಲಿಯಾದ. 1950ರಲ್ಲಿ ಮುದುಕನೊಬ್ಬ ತಾನೇ ಬಿಲ್ಲಿ ಎಂದು ಹಕ್ಕು ಸಾಧಿಸಿದ. ಮೂವರೂ ಸ್ಕಾಟ್ ಅವರ ಪುಟಗಳಲ್ಲಿ ಜೀವಂತ. ದಾಖಲೆ ಎಲ್ಲಿ ಬಾಯಿ ಮುಚ್ಚುತ್ತದೋ, ವದಂತಿ ಎಲ್ಲಿ ಬಾಯಿ ಬಿಡುತ್ತದೋ ಅಲ್ಲಿಗೇ ಈ ಪ್ರಕಾರದ ಜಾಣ ಲೇಖಕರು ಕೈ ಹಾಕುತ್ತಾರೆ. ರಿಯೊರ್ಡನ್ ಕೂಡ 2016ರಿಂದ 2020ರವರೆಗಿನ ‘ದಿ ಟ್ರಯಲ್ಸ್ ಆಫ್ ಅಪೊಲೊ’ ಸರಣಿಗೆ ರೋಮ್‌ನ ನೀರೊನನ್ನು ಖಳನಾಯಕನಾಗಿ ಆರಿಸಿದರು. ನೀರೊ ಸತ್ತೇ ಇಲ್ಲ ಎಂಬ ಸುದ್ದಿ ಅವನ ಸಾವಿನ ಬೆನ್ನಿಗೇ ಹಬ್ಬಿ, ನಕಲಿ ನೀರೊಗಳೂ ಹುಟ್ಟಿಕೊಂಡಿದ್ದರು.

ಚರಿತ್ರೆ, ಪುರಾಣಗಳ ಹೊಂದಾಣಿಕೆ ಕನ್ನಡದ ಓದುಗರಿಗೆ ಹೊಸದೇನಲ್ಲ. ಪಂಪ 941ರ ಸುಮಾರಿಗೆ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ ಬರೆದ. ರನ್ನ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ನಾಯಕ ಅರಿಕೇಸರಿಯಾದ್ದರಿಂದ ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕೊನೆಗೆ ಪಟ್ಟವೂ ಅರ್ಜುನನಿಗೇ. ಅಲ್ಲಿ ರಾಜನಿಗಾಗಿ ಪುರಾಣ ಬಾಗಿತು. ಇಲ್ಲಿ ಎಳೆಯ ಓದುಗರಿಗಾಗಿ ಚರಿತ್ರೆ ಬಾಗುತ್ತಿದೆ.

ಬಾಗಿಸುವುದಕ್ಕೂ ಮಿತಿ ಬೇಕು. ರಿಯೊರ್ಡನ್ ಪರ್ಸಿ ಜಾಕ್ಸನ್ ಸರಣಿಯಲ್ಲಿ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನನ್ನು ಯುದ್ಧದೇವತೆ ಏರೀಸನ ಮಗನಾಗಿಸಿ, ಮಾಯಾವಿನಿ ಸರ್ಸಿಯ ದ್ವೀಪದಲ್ಲಿ ಗಿನಿಯಿಲಿಯಾಗಿ ಪಂಜರದಲ್ಲಿಟ್ಟದ್ದು ಒಳ್ಳೆಯ ತಮಾಷೆ. ಆದರೆ ಅದೇ ಸರಣಿಯ ಮೊದಲ ಪುಸ್ತಕ ಎರಡನೇ ಮಹಾಯುದ್ಧವನ್ನು ಜ್ಯೂಸ್, ಪೊಸೈಡನ್, ಹೇಡೀಸರ ಮಕ್ಕಳ ಜಗಳವೆಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಕೋಟ್ಯಂತರ ಜನರ ಕೊಲೆಯ ಹೊಣೆ ಮನುಷ್ಯರ ಹೆಗಲಿನಿಂದ ಜಾರಿ ದೇವರ ಮನೆಯ ಕಿತ್ತಾಟವಾಗುವುದು ಈ ಪ್ರಕಾರದ ಅತಿ ದೊಡ್ಡ ದೌರ್ಬಲ್ಯ.

2010ರ ದಶಕದಲ್ಲಿ ಗಮನ ರಾಣಿಯರ ಕಡೆ ತಿರುಗಿತು. ರಾಬಿನ್ ಲಫೀವರ್ಸ್ ಅವರ ‘ಗ್ರೇವ್ ಮರ್ಸಿ’ (2012) ಹದಿನೈದನೇ ಶತಮಾನದ ಬ್ರಿಟನಿಯದು. ಮೃತ್ಯುದೇವತೆಯ ಆರಾಧಕ ಸನ್ಯಾಸಿನಿಯರು ಎಳೆಯ ಡಚೆಸ್ ಆ್ಯನ್‌ಳ ಕಾವಲಿಗೆ ವಿಷ, ಬಾಕು ಹಿಡಿಯುತ್ತಾರೆ. ಮೂವರು ಲೇಖಕಿಯರು ಕೂಡಿ ಬರೆದ ‘ಮೈ ಲೇಡಿ ಜೇನ್’ (2016) ಒಂಬತ್ತು ದಿನ ರಾಣಿಯಾಗಿ 1554ರಲ್ಲಿ ತಲೆ ಕೊಟ್ಟ ಜೇನ್ ಗ್ರೇಯನ್ನು ಬದುಕಿಸುತ್ತದೆ. ಅವಳ ಗಂಡ ಹಗಲೆಲ್ಲ ಕುದುರೆ, ಹೊತ್ತು ಮುಳುಗಿದರೆ ಮನುಷ್ಯ.

ಯುರೋಪಿನ ಹೊರಗಿನ ಪುರಾಣಗಳಿಗಾಗಿಯೇ 2018ರಲ್ಲಿ ‘ರಿಕ್ ರಿಯೊರ್ಡನ್ ಪ್ರೆಸೆಂಟ್ಸ್’ ಮಾಲೆ ಶುರುವಾಯಿತು. ಅದರ ಮೊದಲ ಪುಸ್ತಕ, ರೋಶನಿ ಚೋಕ್ಸಿ ಅವರ ‘ಆರು ಶಾ’, ಪಾಂಡವರನ್ನು ಅಮೆರಿಕದ ಹುಡುಗಿಯರಾಗಿ ಮತ್ತೆ ಹುಟ್ಟಿಸಿತು. ಜಪಾನಿನಲ್ಲಿ 2004ರ ‘ಫೇಟ್/ಸ್ಟೇ ನೈಟ್’ ವಿಡಿಯೊ ಗೇಮ್, ಪುರಾಣ ಮತ್ತು ಚರಿತ್ರೆಯ ವೀರರನ್ನು ಇಂದಿನ ಊರಿಗೆ ಕರೆಸಿ ಕಾದಾಡಿಸುವ ಆಟಕ್ಕೆ ಆಗಲೇ ಹಾದಿ ಹಾಕಿತ್ತು. ಅಂಥ ಆಟ, ಅನಿಮೆಗಳ ಪ್ರಭಾವದಲ್ಲಿ ಬೆಳೆದ ಚೀನೀ ಮೂಲದ ಕೆನಡಾ ಲೇಖಕ ಶಿರನ್ ಜೇ ಝಾವ್ ಅವರು ‘ಐರನ್ ವಿಡೋ’ (2021) ಕಾದಂಬರಿಯಲ್ಲಿ ಚೀನಾವನ್ನು ತನ್ನ ಹೆಸರಿನಲ್ಲೇ ಆಳಿದ ಏಕೈಕ ಸಾಮ್ರಾಜ್ಞಿ ವೂ ಝೆಟಿಯಾನ್‌ಳನ್ನು ದೈತ್ಯ ರೋಬೋ ಓಡಿಸುವ ಹುಡುಗಿಯಾಗಿಸಿದರು. ಇದು ಐತಿಹಾಸಿಕ ಕಾದಂಬರಿಯಲ್ಲ ಎಂದು ಆರಂಭದಲ್ಲೇ ಹೇಳಿಕೊಂಡದ್ದು ಅವರ ಪ್ರಾಮಾಣಿಕತೆ. ಮರುವರ್ಷದ ‘ಝಾಕರಿ ಯಿಂಗ್’ನಲ್ಲಿ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಹನ್ನೆರಡರ ಹುಡುಗನ ಗೇಮಿಂಗ್ ಹೆಡ್‌ಸೆಟ್‌ನಲ್ಲಿ ಸೇರಿಕೊಳ್ಳುತ್ತಾನೆ.

ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ರಿಯೊರ್ಡನ್ ಅಥವಾ ‘ಝಾಕರಿ ಯಿಂಗ್’ನಿಂದ ಶುರು ಮಾಡಬಹುದು, ಸ್ಟ್ರೌಡ್, ಸ್ಕಾಟ್ ಇನ್ನೊಂದೆರಡು ವರ್ಷಕ್ಕೆ. ರಕ್ತಪಾತ ಹೆಚ್ಚಿರುವ ‘ಗ್ರೇವ್ ಮರ್ಸಿ’, ‘ಐರನ್ ವಿಡೋ’ ಹದಿನೈದು ದಾಟಿದವರಿಗಿರಲಿ. ಕನ್ನಡದ ಲೇಖಕರಿಗೂ ಸರಕಿಗೆ ಕೊರತೆಯಿಲ್ಲ. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣ ಗೆದ್ದದ್ದು ಚರಿತ್ರೆ. ಸೋತ ಅರಸನ ಮಡದಿ ಅಲಮೇಲಮ್ಮ ಒಡವೆ ಸಮೇತ ಮಾಲಂಗಿಯಲ್ಲಿ ಕಾವೇರಿಗೆ ಹಾರಿ, ತಲಕಾಡು ಮರಳಾಗಲಿ ಎಂದು ಶಪಿಸಿದ್ದು ಐತಿಹ್ಯ. ಇಂಥದ್ದನ್ನು ಹದಿಹರೆಯದ ಓದುಗರಿಗಾಗಿ, ದಾಖಲೆ ಯಾವುದು ಕಲ್ಪನೆ ಯಾವುದು ಎಂಬ ಟಿಪ್ಪಣಿಯೊಂದಿಗೆ, ಕನ್ನಡದ ಕಾದಂಬರಿಕಾರರು ಬರೆಯಲಿ. ಪ್ರಕಾಶಕರು ಅಂಥವರನ್ನು ಹುಡುಕಿ ಬರೆಸಲಿ.