ಪೆನ್‌ಡ್ರೈವ್‌ನಿಂದ ನಡೆಯುವ ಕಾರ್ಯಾಚರಣಾ ವ್ಯವಸ್ಥೆ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಸ್ವಂತ ಗಣಕಯಂತ್ರವಿಲ್ಲದ ನಾಗರಿಕರು ಸೈಬರ್ ಕೇಂದ್ರಗಳಲ್ಲಿ ಅಥವಾ ಪರಿಚಿತರ ಗಣಕಯಂತ್ರಗಳಲ್ಲಿ ಅರ್ಜಿ ಸಲ್ಲಿಸುವಾಗ ಗುಪ್ತಪದ ಹಾಗೂ ದಾಖಲೆಗಳ ಪ್ರತಿಗಳು ಆ ಯಂತ್ರದಲ್ಲಿಯೇ ಉಳಿಯುವ ಸಂಭವವಿರುತ್ತದೆ. ಪೆನ್‌ಡ್ರೈವ್‌ನಿಂದಲೇ ಚಾಲನೆಗೊಳ್ಳುವ ಕಾರ್ಯಾಚರಣಾ ವ್ಯವಸ್ಥೆಯು ಇದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

೧. ಪರಿಚಯ
ಈ ವ್ಯವಸ್ಥೆಯು ಗಣಕಯಂತ್ರದ ಹಾರ್ಡ್ ಡಿಸ್ಕನ್ನು ಅವಲಂಬಿಸದೆ ರ‍್ಯಾಮ್‌ನಲ್ಲಿ ಕೆಲಸ ಮಾಡುತ್ತದೆ. 2000ರಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಅವರು ರೂಪಿಸಿದ ನಾಪಿಕ್ಸ್ ಸಿ.ಡಿ.ಯಿಂದ ಈ ವಿಧಾನವು ಜನಪ್ರಿಯವಾಯಿತು. ಇಂದು ಉಬುಂಟು ಮೊದಲಾದ ಲಿನಕ್ಸ್ ಆವೃತ್ತಿಗಳು ಉಚಿತವಾಗಿ ಲಭ್ಯವಿವೆ. ಮೈಕ್ರೋಸಾಫ್ಟ್‌ನ 'ವಿಂಡೋಸ್ ಟು ಗೋ' ಸೌಲಭ್ಯವನ್ನು 2020ರಲ್ಲಿ ಕೈಬಿಡಲಾಗಿದೆ.

೨. ಸಿದ್ಧತೆ
ಅ) 16 ಜಿ.ಬಿ. ಅಥವಾ ಹೆಚ್ಚಿನ ಸಾಮರ್ಥ್ಯದ ಪೆನ್‌ಡ್ರೈವ್ ಸೂಕ್ತ. ಅದರಲ್ಲಿರುವ ಕಡತಗಳೆಲ್ಲವೂ ಅಳಿಸಿಹೋಗುವುದರಿಂದ ಮೊದಲೇ ಬೇರೆಡೆ ನಕಲು ಮಾಡಿಕೊಳ್ಳತಕ್ಕದ್ದು.
ಆ) ತಂತ್ರಾಂಶವನ್ನು ಅಧಿಕೃತ ಜಾಲತಾಣದಿಂದಲೇ ಪಡೆದು, ನಂಬಿಕಸ್ಥ ಗಣಕಯಂತ್ರದಲ್ಲಿ ಪೆನ್‌ಡ್ರೈವ್‌ಗೆ ಅಳವಡಿಸತಕ್ಕದ್ದು.

೩. ಬಳಸುವ ವಿಧಾನ
ಅ) ಗಣಕಯಂತ್ರದ ಮಾಲೀಕರ ಅನುಮತಿ ಪಡೆಯತಕ್ಕದ್ದು.
ಆ) ಯಂತ್ರವನ್ನು ಪ್ರಾರಂಭಿಸುವಾಗ ಬೂಟ್ ಮೆನು ಕೀಲಿಯನ್ನು ಒತ್ತಿ ಪೆನ್‌ಡ್ರೈವನ್ನು ಆಯ್ಕೆ ಮಾಡುವುದು. ಈ ಕೀಲಿಯು ತಯಾರಕರನ್ನು ಅನುಸರಿಸಿ ಎಫ್12, ಎಫ್9 ಅಥವಾ ಎಸ್ಕೇಪ್ ಆಗಿರಬಹುದು.
ಇ) 'ಟ್ರೈ' ಆಯ್ಕೆಯನ್ನು ಮಾತ್ರ ಬಳಸುವುದು. 'ಇನ್‌ಸ್ಟಾಲ್' ಆಯ್ಕೆಯಿಂದ ಮಾಲೀಕರ ಕಡತಗಳು ಅಳಿಸಿಹೋಗಬಹುದು.
ಈ) ಕನ್ನಡದಲ್ಲಿ ಟೈಪ್ ಮಾಡಲು ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ವಿನ್ಯಾಸವನ್ನು ಸೇರಿಸಿಕೊಳ್ಳುವುದು. ಕಗಪ ವಿನ್ಯಾಸವೂ ಲಭ್ಯವಿದೆ.

೪. ಗಮನಿಸಬೇಕಾದ ಅಂಶಗಳು
ಅ) ಶಾಶ್ವತ ಸಂಗ್ರಹದ ವ್ಯವಸ್ಥೆ ಮಾಡಿಕೊಳ್ಳದಿದ್ದಲ್ಲಿ, ಯಂತ್ರವನ್ನು ಸ್ಥಗಿತಗೊಳಿಸಿದ ಕೂಡಲೇ ಉಳಿಸಿದ ಕಡತಗಳು ನಾಶವಾಗುತ್ತವೆ. ಆದ್ದರಿಂದ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸ್ವೀಕೃತಿ ಪತ್ರವನ್ನು ಮುದ್ರಿಸಿಕೊಳ್ಳುವುದು ಅಥವಾ ಮತ್ತೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳುವುದು.
ಆ) ಶಾಶ್ವತ ಸಂಗ್ರಹವಿದ್ದಲ್ಲಿ ಅದನ್ನು ಗೂಢಲಿಪೀಕರಣಗೊಳಿಸುವುದು ಒಳಿತು; ಇಲ್ಲವಾದಲ್ಲಿ ಪೆನ್‌ಡ್ರೈವ್ ಕಳೆದುಹೋದಾಗ ದಾಖಲೆಗಳು ಅನ್ಯರ ಪಾಲಾಗುತ್ತವೆ.
ಇ) ಸೆಕ್ಯೂರ್ ಬೂಟ್ ಮುಂತಾದ ಸೆಟ್ಟಿಂಗ್ಸ್ ಬದಲಿಸಿದಲ್ಲಿ ವಿಂಡೋಸ್ ತನ್ನ ಬಿಟ್‌ಲಾಕರ್ ರಿಕವರಿ ಕೀಲಿಯನ್ನು ಕೇಳಬಹುದು. ಕೀಲಿ ದೊರೆಯದಿದ್ದಲ್ಲಿ ಮಾಲೀಕರಿಗೆ ತಮ್ಮ ಕಡತಗಳೇ ಸಿಗದಂತಾಗುತ್ತವೆ.
ಈ) ಡಿಜಿಟಲ್ ಸಹಿಯ ಟೋಕನ್ ಬಳಸುವವರು ಲಿನಕ್ಸ್‌ಗೆ ಹೊಂದುವ ಡ್ರೈವರ್ ಇರುವುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು.
ಉ) 2020ರಿಂದ ಬಂದ ಆ್ಯಪಲ್ ಚಿಪ್‌ನ ಮ್ಯಾಕ್ ಯಂತ್ರಗಳಲ್ಲಿ ಸಾಮಾನ್ಯ ಗಣಕಯಂತ್ರಕ್ಕೆಂದು ಸಿದ್ಧಪಡಿಸಿದ ಪೆನ್‌ಡ್ರೈವ್ ಚಾಲನೆಗೊಳ್ಳುವುದಿಲ್ಲ.

೫. ಮಿತಿ
ಯಂತ್ರದಲ್ಲಿರುವ ವೈರಸ್‌ಗಳು ಹಾಗೂ ಗುಪ್ತಪದ ಕದಿಯುವ ತಂತ್ರಾಂಶಗಳು ಈ ವಿಧಾನದಲ್ಲಿ ಸಾಮಾನ್ಯವಾಗಿ ಚಾಲನೆಗೊಳ್ಳುವುದಿಲ್ಲ. ಆದರೆ ಕೀಲಿಮಣೆಗೆ ಜೋಡಿಸಿದ ಕಳ್ಳ ಉಪಕರಣದಿಂದಾಗಲಿ, ಬೆನ್ನ ಹಿಂದೆ ನಿಂತು ನೋಡುವವರಿಂದಾಗಲಿ ರಕ್ಷಣೆ ದೊರೆಯುವುದಿಲ್ಲ. ಒಂದು ಬಾರಿಯ ಗುಪ್ತಸಂಖ್ಯೆಯನ್ನು (ಓಟಿಪಿ) ಯಾರಿಗೂ ತಿಳಿಸಬಾರದು. ಕೆಲಸ ಮುಗಿದ ನಂತರ ಲಾಗ್‌ಔಟ್ ಆಗಿ, ಯಂತ್ರವನ್ನು ಸ್ಥಗಿತಗೊಳಿಸಿ, ತದನಂತರವೇ ಪೆನ್‌ಡ್ರೈವನ್ನು ಹೊರತೆಗೆಯತಕ್ಕದ್ದು.